ಎಡಗಾಲಿಗೆ ಕೆಲಸವಿಲ್ಲದ ಕಾರು

ನನ್ನ ಮೊಮ್ಮಗಳು ಕಾರು ಓಡಿಸುತ್ತಾಳೆ. ದಿನಾ ಬೆಳಿಗ್ಗೆ ದೇವಾಪುರದ ನಮ್ಮ ಮನೆಯ ಮುಂದಿನಿಂದ ಹೊರಟು, ಸುರಪುರ ದಾಟಿ, ಶಹಾಪುರ ದಾಟಿ, ಭೀಮಾ ಹೊಳೆಯ ಸೇತುವೆ ದಾಟಿ, ಯಾದಗಿರಿಯ ತನ್ನ ಕಚೇರಿ ಮುಟ್ಟುತ್ತಾಳೆ. ಸಂಜೆ ಅದೇ ದಾರಿ ಹಿಡಿದು ತಿರುಗಿ ಬರುತ್ತಾಳೆ. ಒಬ್ಬಳೇ. ಈ ಮಾತನ್ನು ನಾನು ಹಾಲು ಹಾಕುವವಳಿಗೆ ಹೇಳಿದ್ದೇನೆ, ಹಿಟ್ಟಿನ ಗಿರಣಿಯವನಿಗೆ ಹೇಳಿದ್ದೇನೆ, ತಪ್ಪು ನಂಬರು ಹಚ್ಚಿ ಫೋನು ಮಾಡಿದ ಯಾರೋ ಒಬ್ಬರಿಗೂ ಹೇಳಿದ್ದೇನೆ. ಇನ್ನೂ ಹೊಟ್ಟೆ ತುಂಬಿಲ್ಲ. ಅದಕ್ಕೇ ಬರೆಯಲು ಕುಳಿತೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ಕೈ ಇದು. ಅಕ್ಷರ ಸೊಟ್ಟಗಿದ್ದರೂ ಮಾತು ನೆಟ್ಟಗಿದೆ.

ಆ ಹುಡುಗಿ ಹುಟ್ಟುವಾಗಲೇ ಎಡಗಾಲಿನ ಪಾದ ಒಳಕ್ಕೆ ತಿರುಗಿತ್ತು. ಕೂಸಿದ್ದಾಗ ಪಟ್ಟಿ ಹಾಕಿಸಿದೆವು, ಆಮೇಲೆ ಆಪರೇಷನ್ ಮಾಡಿಸಿದೆವು. ಪಾದ ನೆಟ್ಟಗಾಯಿತು, ಆದರೆ ಮಡಚುವುದನ್ನು ಮರೆತುಬಿಟ್ಟಿತು. ನಡೆಯುತ್ತಾಳೆ, ಮೆಟ್ಟಿಲು ಹತ್ತುತ್ತಾಳೆ, ಯಾರಿಗೂ ಕಮ್ಮಿ ಇಲ್ಲ. ಆದರೆ ಯಾದಗಿರಿಯಲ್ಲಿ ನೌಕರಿ ಸಿಕ್ಕ ಮೇಲೆ ದಿನಾ ಬಸ್ಸಿನಲ್ಲಿ ನಿಲ್ಲುವುದು ಬಂತು. ಸುರಪುರದಲ್ಲಿ ಒಂದು ಬಸ್ಸು, ಶಹಾಪುರದಲ್ಲಿ ಇಳಿದು ಇನ್ನೊಂದು ಬಸ್ಸು. ಸಂಜೆ ಮನೆಗೆ ಬಂದು ಚಪ್ಪಲಿ ಕಳೆದರೆ ಪಾದ ಊದಿ ಪಾವು ರೊಟ್ಟಿಯ ಹಾಗೆ ಆಗಿರುತ್ತಿತ್ತು. ನಾನು ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಿದ್ದೆ. ಅವಳು ಗೋಡೆಗೆ ಒರಗಿ ಕಚೇರಿಯ ಸುದ್ದಿ ಹೇಳುತ್ತಾ ನಗುತ್ತಿದ್ದಳು. ನಗುವುದು ಅವಳು, ಕಣ್ಣು ಒರೆಸಿಕೊಳ್ಳುವುದು ಬಾಗಿಲಲ್ಲಿ ನಿಂತ ಅವಳಪ್ಪ.

ಅವಳಪ್ಪ ಎಂದರೆ ನನ್ನ ಮಗ. ಸುರಪುರ–ಶಹಾಪುರದ ನಡುವೆ ಸವಾರಿ ಜೀಪು ಹೊಡೆಯುತ್ತಾನೆ. ಮೀಸೆ ಮೂಡುವ ಮೊದಲೇ ಸ್ಟೇರಿಂಗು ಹಿಡಿದವನು. ಅವನದೊಂದು ಸ್ವಭಾವವನ್ನು ಇಲ್ಲೇ ಹೇಳಿಬಿಡುತ್ತೇನೆ. ಇನ್ನೊಬ್ಬರು ಹೊಡೆಯುವ ಗಾಡಿಯಲ್ಲಿ ಅವನು ಎಂದೂ ನಿದ್ದೆ ಮಾಡಿದವನಲ್ಲ. ಒಮ್ಮೆ ಊರವರೆಲ್ಲ ಸೇರಿ ಬಸ್ಸು ಮಾಡಿಕೊಂಡು ತಿರುಪತಿಗೆ ಹೋದೆವು. ಬಸ್ಸಿಗೆ ಬಸ್ಸೇ ಗೊರಕೆ ಹೊಡೆಯುತ್ತಿದ್ದರೆ ಇವನು ಡ್ರೈವರನ ಹಿಂದೆ ಕುಳಿತು, "ಬಲಕ್ಕ ಲಾರಿ ಅದ ನೋಡಪ್ಪಾ, ಮುಂದ ತಿರುವು ಅದ ನೋಡಪ್ಪಾ" ಎನ್ನುತ್ತಿದ್ದ. ಡ್ರೈವರು ಕಡೆಗೆ, "ಅಣ್ಣಾರ, ನೀವ ಹೊಡೀರಿ, ನಾ ಹಿಂದ ಮಕ್ಕೋತೀನಿ" ಅಂದಿದ್ದ.

ಇಂಥವನು ಒಂದು ಸಂಜೆ ಮಗಳ ಊದಿದ ಕಾಲು ನೋಡಿ ತೀರ್ಮಾನ ಕೊಟ್ಟುಬಿಟ್ಟ.

"ನಾಳಿಂದ ಬಸ್ಸು ಬಂದ್. ನಾನ ಬಿಡ್ತೀನಿ, ನಾನ ಕರಕೊಂಡು ಬರ್ತೀನಿ."

"ಅಪ್ಪಾ, ನಿನ್ನ ಸವಾರಿ ಯಾರು ಒಯ್ಯಬೇಕು?"

"ಸವಾರಿ ಹಾಳಾಗಿ ಹೋಗ್ಲಿ. ನಿನ್ನ ಕಾಲು ನೋಡಾಕ ಆಗವಲ್ದು ನನಗ."

"ಕಾಲು ನೋಡಬ್ಯಾಡ, ಮಾರಿ ನೋಡು. ಸಣ್ಣಾಕಿದ್ದಾಗ ಸಾಲಿಗಿ ಎತಗೊಂಡು ಹೋದಿ, ಕಾಲೇಜಿಗಿ ಜೀಪಿನ್ಯಾಗ ಬಿಟ್ಟಿ. ಇನ್ನ ಸಾಕು. ನನಗ ಒಂದು ಕಾರು ಬೇಕು. ನಾನ ಹೊಡಕೊಂಡು ಹೋಗ್ತೀನಿ."

ಮಗ ತನ್ನ ಎಡಗಾಲನ್ನು ನೆಲಕ್ಕೆ ಒತ್ತಿ ತೋರಿಸಿದ. "ಇದನ್ನ ಹ್ಯಾಂಗ ಒತ್ತಾಕಿ, ಕ್ಲಚ್ಚು?"

"ಕ್ಲಚ್ ಇಲ್ಲದ್ದ ತಗೋತೀನಿ."

"ಕ್ಲಚ್ ಇಲ್ಲದ ಗಾಡಿ ಅಂದ್ರ ಕಡಿವಾಣ ಇಲ್ಲದ ಕುದರಿ ಇದ್ದಂಗ. ಅದು ನಮ್ಮ ಮಾತು ಕೇಳಂಗಿಲ್ಲ."

ನನಗೂ ಆಗಲೇ ತಿಳಿದದ್ದು. ಗೇರು ಬದಲಿಸುವಾಗ ಪ್ರತಿ ಸಲ ಎಡಗಾಲಿನಿಂದ ಒತ್ತುವ ಪೆಡಲಿಗೆ ಕ್ಲಚ್ಚು ಎನ್ನುತ್ತಾರೆ. ಆಟೋಮ್ಯಾಟಿಕ್ ಕಾರಿನಲ್ಲಿ ಅದು ಇರುವುದೇ ಇಲ್ಲವಂತೆ. ಗೇರಿನ ಚಿಂತೆಯನ್ನು ಕಾರೇ ಮಾಡುತ್ತದೆ. ಓಡಿಸಲು ಒಂದು ಪೆಡಲು, ನಿಲ್ಲಿಸಲು ಒಂದು. ಎರಡಕ್ಕೂ ಬಲಗಾಲೇ. ಎಡಗಾಲು ಬೀಗರ ಮನೆಗೆ ಬಂದ ಹಾಗೆ ಸುಮ್ಮನೆ ಕುಳಿತಿರಬೇಕು.

ಮಗನಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಯಾದಗಿರಿಯ ಗೆಳತಿಯೊಬ್ಬಳ ಹತ್ತಿರ ಅಂಥದೇ ಕಾರು ಇತ್ತು. ರಜೆಯ ದಿನ ಅಲ್ಲಿಗೆ ಹೋಗಿ ಇವಳು ಓಡಿಸುವುದನ್ನು ಕಲಿತು, ಅದರಲ್ಲೇ ಪರೀಕ್ಷೆ ಕೊಟ್ಟು ಲೈಸೆನ್ಸು ತೆಗೆದುಕೊಂಡಿದ್ದಳು. "ಆಯಿ, ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದು ನನ್ನ ಬಾಯಿ ಕಟ್ಟಿದ್ದಳು. ನನ್ನಂಥವಳ ಬಾಯಿ ಕಟ್ಟುವುದು ಎಂದರೆ ಹೋರಿಗೆ ನೂಲಿನ ಮೂಗುದಾರ ಹಾಕಿದ ಹಾಗೆ. ಆದರೂ ತಡೆದುಕೊಂಡಿದ್ದೆ. ಅವತ್ತು ಅವಳು ಆ ಲೈಸೆನ್ಸಿನ ಕಾರ್ಡು ತಂದು ಅಪ್ಪನ ಚಹಾದ ಕಪ್ಪಿನ ಪಕ್ಕ ಇಟ್ಟಳು. ಅವನು ಕಾರ್ಡು ನೋಡಿದ, ಮಗಳನ್ನು ನೋಡಿದ, ಆಮೇಲೆ ನನ್ನ ಕಡೆ ತಿರುಗಿ, "ನಿನಗೂ ಗೊತ್ತಿತ್ತೇನು ಯವ್ವಾ?" ಅಂದ. ನಾನು ಉಪ್ಪು ಹುರಿಯುವುದಕ್ಕೆ ಒಳಗೆ ಹೋದೆ.

ನೋಡಿ ಬರುವುದಕ್ಕೇನೋ ಒಪ್ಪಿದ. ಆದರೆ ಅವನ ಮನಸ್ಸಿನಲ್ಲಿ ಇದ್ದದ್ದು ಎತ್ತರದ್ದೊಂದು ಬಿಳಿ ಗಾಡಿ, ಕ್ಲಚ್ ಇದ್ದದ್ದು, ತಾನು ಹೊಡೆಯುವಂಥದ್ದು. ಅವಳ ಫೋನಿನಲ್ಲಿ ಇದ್ದದ್ದು ಕೆಂಪು ಬಣ್ಣದ, ನೆಲಕ್ಕೆ ಹತ್ತಿ ಕುಳಿತ ಸಣ್ಣ ಕಾರು.

"ಇದೇನಿದು, ಕಪ್ಪಿ ಕುಂತಂಗ ಕುಂತದ?"

"ಸ್ಪೋರ್ಟಿ ಅಂತಾರಪ್ಪಾ ಇದಕ್ಕ. ತುಳದ ಕೂಡ್ಲೇ ಜಿಗೀತದ."

"ಕಪ್ಪಿನೂ ಜಿಗೀತದ. ನಮ್ಮೂರ ಅಗಸಿ ಬಾಗಲ ಮುಂದ ಹಂಪ್ ಅದಲ್ಲ, ಅದರ ಮ್ಯಾಲ ಹೊಟ್ಟಿ ಹರಕೋತದ ಇದು."

"ಹಂಪ್ ಒಂದ ಅದ. ಹತ್ತಿ ಹೇರಿದ ಟ್ರ್ಯಾಕ್ಟರು ದಾರಿ ತುಂಬ ಅವ. ಅವನ್ನ ದಾಟೂಮುಂದ ಬಾಜೂಕ ತೆವಳಿಕೋತ ಹೋದ್ರ ಮುಂದಿಂದ ಲಾರಿ ಬರ್ತದ. ದಾಟಿದ್ರ ಚಟ್ಟನ ದಾಟಬೇಕು, ಇಲ್ಲಂದ್ರ ಹಿಂದ ಇರಬೇಕು. ನೀನ ಹೇಳಿದ್ದಲ್ಲ ಇದು?"

ಅವನೇ ಹೇಳಿದ್ದು ಹೌದು. ಮಾತು ತಿರುಗಿ ಬಂದು ಕೊರಳಿಗೇ ಬಿತ್ತು. ನಾನು ಒಳಗಿಂದೊಳಗೆ ಮೊಮ್ಮಗಳ ಪಕ್ಷ. ನನಗೂ ಓಟವೆಂದರೆ ಪ್ರಾಣ. ಸಣ್ಣವಳಿದ್ದಾಗ ಹೊಲದಿಂದ ತಿರುಗುವಾಗ ನಮ್ಮ ಎತ್ತುಗಳು ಮನೆಯ ವಾಸನೆ ಹಿಡಿದು ಓಡುತ್ತಿದ್ದವು. ಎಲ್ಲರೂ ಬಂಡಿಯ ಗೂಟ ಹಿಡಿದು ಚೀರಿದರೆ ನಾನು ಎದ್ದು ನಿಲ್ಲುತ್ತಿದ್ದೆ.

ಯಾದಗಿರಿಯ ಶೋರೂಮಿಗೆ ಹೋಗುವ ದಿನ ನಾನು ಒಂದು ತಾಮ್ರದ ಚರಿಗೆ ತೆಗೆದುಕೊಂಡೆ. ಇದಕ್ಕೊಂದು ಕಾರಣವಿದೆ. ನಮ್ಮ ಮಾವನವರು ಹೊಸ ಎತ್ತಿನ ಜೋಡಿ ನೋಡಲು ಹೋದಾಗ ಹಲ್ಲು ನೋಡಿ, ಸುಳಿ ನೋಡಿ, ಕಡೆಗೆ ಬಂಡಿಗೆ ಹೂಡಿಸಿ, ಬಂಡಿಯಲ್ಲಿ ಅತ್ತೆಯವರನ್ನು ಕೂರಿಸಿ, ಅವರ ತೊಡೆಯ ಮೇಲೆ ನೀರು ತುಂಬಿದ ಚರಿಗೆ ಇಡಿಸುತ್ತಿದ್ದರು. ಹೊಲದ ದಾರಿ ಒಂದು ಸುತ್ತು ಹಾಕಿ ಬಂದರೆ ಎಷ್ಟು ನೀರು ಉಳಿದಿದೆಯೋ ಅದರ ಮೇಲೆ ಮಾತು. ಜೋಡಿ ಹೊಂದಿ ನಡೆದರೆ ನೀರು ನಿಲ್ಲುತ್ತದೆ, ಒಂದು ಮುಂದೆ ಒಂದು ಹಿಂದೆ ಜಗ್ಗಾಡಿದರೆ ಸೀರೆ ತೋಯುತ್ತದೆ. ನಮ್ಮ ಮನೆಗೆ ಗಾಲಿ ಇದ್ದದ್ದು ಏನೇ ಬಂದರೂ ಈ ಪರೀಕ್ಷೆ ದಾಟಿಯೇ ಬಂದಿದೆ. ಮಗನ ಜೀಪು ಕೂಡ.

ಶೋರೂಮಿನಲ್ಲಿ ಟೈ ಕಟ್ಟಿಕೊಂಡ ಸೇಲ್ಸಿನವನು ಚರಿಗೆ ನೋಡಿ, "ಅಮ್ಮಾರ, ನೀರು ಬೇಕಂದ್ರ ಒಳಗ ತಂಪಂದು ಅದ ರೀ" ಅಂದ.

"ಕುಡ್ಯಾಕ ಅಲ್ಲಪ್ಪಾ, ಗಾಡಿ ನೋಡಾಕ."

"ಸೀಟು ಒದ್ದಿ ಆಗ್ತಾವಲ್ರೀ?"

"ಒದ್ದಿ ಆಗುವಂಥ ಗಾಡಿ ನೀ ತೋರಿಸಬ್ಯಾಡ, ಮುಗೀತು."

ಮೊದಲು ಒಂದು ಕಡಿಮೆ ಬೆಲೆಯ ಆಟೋಮ್ಯಾಟಿಕ್ ತೋರಿಸಿದ. ಸೇಲ್ಸಿನವನೇ ಓಡಿಸಿದ. ಅದು ಗೇರು ಬದಲಿಸುವಾಗ ಒಂದು ಗಳಿಗೆ ಉಸಿರು ಹಿಡಿದು, ಆಮೇಲೆ ಮುಂದಕ್ಕೆ ತಳ್ಳುತ್ತಿತ್ತು. ಪ್ರತಿ ಸಲ ನಮ್ಮ ತಲೆಗಳು ಹೌದು ಹೌದು ಎನ್ನುವ ಹಾಗೆ ಆಡುತ್ತಿದ್ದವು. ನನ್ನ ಸೆರಗು ಒದ್ದೆಯಾಯಿತು. ಆಮೇಲೆ ಮಗ ತನ್ನ ಪಸಂದಿನ ಬಿಳಿ ಗಾಡಿ ಹೊಡೆದು ತೋರಿಸಿದ. ಸುಳ್ಳು ಯಾಕೆ ಹೇಳಲಿ, ಒಂದು ಹನಿ ಚೆಲ್ಲಲಿಲ್ಲ.

"ನೋಡಿದ್ಯಾ ಯವ್ವಾ?" ಎಂದು ಮೀಸೆ ಮುಟ್ಟಿಕೊಂಡ.

"ನೋಡಿದೆನಪ್ಪಾ. ಇದು ನಿನ್ನ ಗಾಡಿ. ನಾವು ಬಂದದ್ದು ಅಕಿ ಗಾಡಿ ನೋಡಾಕ."

ಕಡೆಗೆ ಕೆಂಪು ಕಾರು ಬಂತು. ಬಾಗಿಲು ತಗ್ಗು, ಕೂರುವಾಗ ನನ್ನ ಮೊಣಕಾಲು ಸ್ವಲ್ಪ ಗೊಣಗಿದವು. ಒಳಗೆ ಕುಳಿತ ಮೇಲೆ ಸೀಟು ಎರಡೂ ಕಡೆಯಿಂದ ತಬ್ಬಿ ಹಿಡಿಯಿತು. ಮೊಮ್ಮಗಳು ಸ್ಟೇರಿಂಗಿನ ಕಡೆ ಹೋಗುವಷ್ಟರಲ್ಲಿ ಮಗ ಅಡ್ಡ ಬಂದ. "ಮೊದಲ ನಾ ನೋಡ್ತೀನಿ." ಅವಳು ನನ್ನ ಬಾಜೂಕೆ ಬಂದು ಕುಳಿತಳು. ಅಪ್ಪ ಬೇಡವೆಂದರೆ ನಾಳೆಯಿಂದ ಜೀಪಿನಲ್ಲಿ ಕೂಸಿನ ಹಾಗೆ ಹೋಗಿ ಬರುವುದೇ ಗತಿ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಮುಂದೆ ಕುಳಿತ ಸೇಲ್ಸಿನವನು, "ಸರ್, ಎಡಗಾಲು ಹಿಂದಕ್ಕ ಇಟ್ಕೊಳ್ರಿ. ಅದಕ್ಕ ಇದರಾಗ ಕೆಲಸ ಇಲ್ಲ" ಅಂದ.

"ಕಾಲು ಎಲ್ಲಿಡಬೇಕಂತ ನನಗ ಹೇಳ್ತಿಯೇನೋ ತಮ್ಮಾ?"

ಕಾರು ತಾನಾಗಿಯೇ ಮೆಲ್ಲಗೆ ಹೊರಟಿತು. ಗೇಟು ದಾಟಿ ರಸ್ತೆಗೆ ಬಂದೆವು. ಮುಂದೆ ಒಂದು ಆಟೋ ನಿಂತಿತು. ಮಗ ನಿಧಾನ ಮಾಡಲು ಹೋದ. ಜೀವಮಾನವಿಡೀ ಮಾಡಿದ ಹಾಗೆ ಎಡಗಾಲು ಕ್ಲಚ್ಚು ಹುಡುಕಿಕೊಂಡು ಹೋಯಿತು. ಕ್ಲಚ್ಚು ಎಲ್ಲಿದೆ? ಸಿಕ್ಕಿದ್ದು ಅಗಲವಾದ ಬ್ರೇಕು. ಕ್ಲಚ್ಚನ್ನು ತುಳಿಯುವ ಜೋರಿನಲ್ಲಿ ಅದನ್ನು ತುಳಿದ. ಕಾರು ಗೋಡೆಗೆ ಗುದ್ದಿದ ಹಾಗೆ ನಿಂತಿತು. ನನ್ನ ಚರಿಗೆಯ ನೀರು ಅಷ್ಟೂ ಎದ್ದು ಹೋಗಿ ಸೇಲ್ಸಿನವನ ಕುತ್ತಿಗೆಯಲ್ಲಿ ಇಳಿಯಿತು.

"ಅಯ್ಯಯ್ಯೋ! ತಂಪಂದ ತುಂಬಿದ್ರೇನ್ರೀ ಅಮ್ಮಾರ?"

"ನೀನ ಕೊಟ್ಟದ್ದಲ್ಲೇನಪ್ಪಾ, ಒಳಗಿಂದ?"

ಮೊಮ್ಮಗಳು ಸೆರಗಿಲ್ಲದವಳು, ನನ್ನ ಸೆರಗನ್ನೇ ಬಾಯಿಗೆ ಒತ್ತಿಕೊಂಡು ನಕ್ಕಳು. ಮಗ, "ಕಾಲು ಜಾರಿತು" ಅಂದ. ಸ್ವಲ್ಪ ಮುಂದೆ ಹೋಗಿ ಮತ್ತೆ ಜಾರಿತು. ಮೂರನೆಯ ಸಲಕ್ಕೆ ಹಿಂದಿನ ಮೋಟರ್ ಸೈಕಲ್ಲಿನವನು ಬೈದು ಮುಂದೆ ಹೋದ. ಮಗನ ಹಣೆಯ ಮೇಲೆ ಬೆವರು. ಪಾಪ ಅನಿಸಿತು ನನಗೆ.

"ತಮ್ಮಾ, ಎಡಗಾಲು ಮಡಚಿ ತೊಡಿ ಬುಡಕ ಹಾಕ್ಕೊ. ಬಂಡ್ಯಾಗ ಕುಂತಂಗ ಕುಂದ್ರು."

ಹೇಳಿದ ಹಾಗೆ ಮಗ ಚಪ್ಪಲಿ ಬಿಟ್ಟು, ಕಾಲು ಮಡಚಿ, ಊಟಕ್ಕೆ ಕುಳಿತವನ ಹಾಗೆ ಕುಳಿತ. ಸೇಲ್ಸಿನವನು ಟೈ ಹಿಂಡಿಕೊಂಡ. ಕಾರು ಹೊರಟಿತು. ಆದರೆ ಮಡಚಿದ ಕಾಲು ತೊಡೆಯ ಕೆಳಗಿಂದಲೇ ಸಿಕ್ಕಿಬಿದ್ದ ಕೋಳಿಯ ಹಾಗೆ ಒದ್ದಾಡುತ್ತಿತ್ತು. ಮಗ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಕಾಲು ಬಿಡಿಸಿಕೊಂಡು ಇಳಿದು, ಹಿಂದಿನ ಬಾಗಿಲು ತೆಗೆದು ಮಗಳಿಗೆ ಹೇಳಿದ:

"ಬಾರವ್ವಾ. ನೀ ಹೊಡಿ."

ಅವಳು ಓಡಿಸುವುದನ್ನು ನಾವಿಬ್ಬರೂ ನೋಡಿದ್ದು ಅದೇ ಮೊದಲು. ಸೀಟು ಮುಂದಕ್ಕೆ ಎಳೆದುಕೊಂಡಳು. ಕನ್ನಡಿ ಸರಿ ಮಾಡಿಕೊಂಡಳು. ಆಮೇಲೆ ತನ್ನ ಎಡಗಾಲನ್ನು ಕೈಯಿಂದ ಎತ್ತಿ, ಪೆಡಲುಗಳ ಪಕ್ಕದಲ್ಲಿ ಕಾಲಿಡುವ ಜಾಗದ ಮೇಲೆ ಇಟ್ಟಳು, ಕೂಸನ್ನು ತೊಟ್ಟಿಲಲ್ಲಿ ಇಟ್ಟ ಹಾಗೆ. ಅದು ಇಟ್ಟಲ್ಲಿ ಇತ್ತು. ಹುಟ್ಟಿದಾಗಿನಿಂದ ಆ ಕಾಲಿಗೆ ಊರವರದು ಅವೇ ಪ್ರಶ್ನೆ: ಏನಾಗಿದೆ, ಯಾಕೆ ಹೀಗೆ, ಯಾವಾಗ ಸರಿಯಾಗುತ್ತದೆ. ಈ ಕಾರು ಮಾತ್ರ ಅದನ್ನು ಏನೂ ಕೇಳಲಿಲ್ಲ. ನನ್ನ ಮಗ ಎಷ್ಟು ಕಷ್ಟಪಟ್ಟರೂ ಆಗದ ಕೆಲಸ, ಎಡಗಾಲನ್ನು ಮರೆಯುವುದು, ಅವಳಿಗೆ ಕಲಿಯುವುದೇ ಇರಲಿಲ್ಲ.

ಚರಿಗೆಗೆ ಸೇಲ್ಸಿನವನ ಬಾಟಲಿಯಿಂದ ಮತ್ತೆ ನೀರು ತುಂಬಿದೆ. ಅವನು ಈ ಸಲ ಕತ್ತು ಬಗ್ಗಿಸಿ ಕುಳಿತ. ಭೀಮಾ ಸೇತುವೆಯ ಕಡೆ ಹೊರಟೆವು. ಹೊಳೆ ಬರುವ ಮುಂಚೆ, ಹತ್ತಿ ಹೇರಿದ ಟ್ರ್ಯಾಕ್ಟರೊಂದು ಬಸುರಿ ಎಮ್ಮೆಯ ಹಾಗೆ ರಸ್ತೆ ತುಂಬಿಕೊಂಡು ಹೊರಟಿತ್ತು. ಮೊಮ್ಮಗಳು ಹಿಂದೆ ಉಳಿದಳು. ಕಾದಳು. ಮುಂದೆ ರಸ್ತೆ ಬಯಲಾಗಿ ಕಂಡ ಕೂಡಲೇ ಬಲಗಾಲು ಒತ್ತಿದಳು. ಕಾರು ಹೂಂಕರಿಸಿ ಜಿಗಿಯಿತು. ನನ್ನ ಬೆನ್ನು ಸೀಟಿಗೆ ಅಂಟಿತು. ಚರಿಗೆಯ ನೀರು ನನ್ನ ಕಡೆ ವಾಲಿತು, ಅಂಚಿಗೆ ಬಂತು, ಬಂದೇ ಬಂತು ಅನ್ನುವಷ್ಟರಲ್ಲಿ ತಿರುಗಿ ಹೋಗಿ ಕುಳಿತಿತು. ಟ್ರ್ಯಾಕ್ಟರು ಎಲ್ಲೋ ಹಿಂದೆ.

"ಹಾ! ನನ ಬಂಗಾರಾ!" ಎಂದು ನಾನು ಕೂಗಿಬಿಟ್ಟೆ. ಬಾಜೂಕೆ ಕುಳಿತ ಮಗನ ಎಡಗಾಲು ಮಾತ್ರ ಬರಿಯ ನೆಲವನ್ನು ತುಳಿಯುತ್ತಲೇ ಇತ್ತು.

ಕಾರು ಅದೇ ಎಂದು ಗಟ್ಟಿಯಾಯಿತು. ಅಡ್ಡಗಾಲು ಹಾಕಲು ಮಗನಿಗೆ ಉಳಿದದ್ದು ಹಂಪು ಒಂದೇ. ಕಾರಿನ ಕೆಳಗೆ ಬಗ್ಗಿ, ಗೇಣು ಹಾಕಿ ನೋಡಿ, ತಲೆ ಅಲ್ಲಾಡಿಸಿ, ಶರ್ತು ಹಾಕಿದ. "ಗಾಡಿ ಒಯ್ಯಾಕ ಬಂದ ದಿನ ಇಲ್ಲಿಂದ ಮನಿತನಕ ನೀನ ಹೊಡಿಬೇಕು. ನಾ ಬಾಜೂಕ ಕುಂದ್ರತೀನಿ. ನನ್ನ ಮನಸ್ಸಿಗೆ ಭರೋಸಾ ಬರಲಿಲ್ಲಂದ್ರ, ಕಾರು ಮನಿ ಮುಂದ ಇರ್ತದ, ನಾನ ನಿನ್ನ ಬಿಡ್ತೀನಿ. ಕಬೂಲ?"

"ಕಬೂಲ್" ಅಂದಳು ಅವಳು.

ಆ ದಿನ ಬಂತು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಕುಂಕುಮ ಹಚ್ಚಿದೆವು. ನಮ್ಮಲ್ಲಿ ನಿಂಬೆಹಣ್ಣು ತುಳಿಸುವುದು ಮನೆಯ ಹಿರಿಯ ಗಂಡಸು. ಮಗ ಕೀಲಿ ಹಿಡಿದು ಬಾಗಿಲ ತನಕ ಹೋದ. ಕೆಳಗೆ ಆ ಪೆಡಲುಗಳನ್ನು ನೋಡಿದ. "ಬ್ಯಾಡಪ್ಪ. ನಾ ಹತ್ತಿದ್ರ ನಿಂಬಿಹಣ್ಣು ಅಲ್ಲೇ ಇರ್ತಾವ, ಒಳಗ ಕುಂತವರು ಹಾರಿ ಬೀಳ್ತಾರ" ಎಂದು ಕೀಲಿಯನ್ನು ಮಗಳ ಕೈಗೆ ಹಾಕಿದ. ಹಣ್ಣು ಚಟ್ಟೆಂದು ಒಡೆದವು. ಸೇಲ್ಸಿನವನು ದೂರ ನಿಂತು ಚಪ್ಪಾಳೆ ತಟ್ಟಿದ. ನನ್ನ ಕೈಯಲ್ಲಿ ಚರಿಗೆ ಇತ್ತಲ್ಲ, ಅದಕ್ಕೇ ದೂರ.

ಹೊಳೆ ದಾಟುವ ತನಕ ಮಗನ ಬಾಯಿ ನಿಲ್ಲಲಿಲ್ಲ. "ಎಡಕ್ಕ ತಗೋ. ಹಾರ್ನ್ ಹೊಡಿ. ಆ ಎಮ್ಮಿ ಅಡ್ಡ ಬರ್ತದ ನೋಡು." ಕಾಲು ನೆಲ ತುಳಿಯುವುದೂ ನಡೆದಿತ್ತು. ಹೊಸ ಮ್ಯಾಟು ಒಂದೇ ದಿನಕ್ಕೆ ಹರಿಯುತ್ತದೆ ಅಂದುಕೊಂಡೆ. ಮೊಮ್ಮಗಳು, "ಹೂಂ ಅಪ್ಪಾ, ನೋಡೀನಿ ಅಪ್ಪಾ" ಎನ್ನುತ್ತಾ ತನ್ನ ಪಾಡಿಗೆ ಹೊಡೆಯುತ್ತಿದ್ದಳು. ಅವನು ಹೇಳುವುದಕ್ಕೆ ಮೊದಲೇ ಅವಳು ಅದನ್ನು ಮಾಡಿರುತ್ತಿದ್ದಳು. ಹಾಗಾಗಿ ಹೇಳುವುದು ಕಡಿಮೆಯಾಗುತ್ತಾ ಬಂತು. ಶಹಾಪುರದ ಗುಡ್ಡ ಬುದ್ಧ ಮಲಗಿದ ಹಾಗೆ ದೂರದಲ್ಲಿ ಕಂಡಾಗ ಕಾರಿನಲ್ಲಿ ಮಾತೇ ಇರಲಿಲ್ಲ. ಬಿಸಿಲು ಇಳಿದಿತ್ತು. ಕಾಲುವೆಯ ಭತ್ತದ ಗದ್ದೆಯ ಮೇಲೆ ಬೆಳ್ಳಕ್ಕಿ ಹಾರುತ್ತಿದ್ದವು.

ಶಹಾಪುರ ದಾಟಿ ಸ್ವಲ್ಪ ದೂರ ಬಂದ ಮೇಲೆ ಮೊಮ್ಮಗಳು ಕನ್ನಡಿಯಲ್ಲಿ ನನ್ನನ್ನು ನೋಡಿ ಪಿಸುಗುಟ್ಟಿದಳು:

"ಆಯಿ... ಅಪ್ಪನ್ನ ನೋಡು."

ಮುಂದಕ್ಕೆ ಬಗ್ಗಿ ನೋಡಿದೆ. ನನ್ನ ಮಗನ ಕುತ್ತಿಗೆ ಒಂದು ಕಡೆ ವಾಲಿತ್ತು. ಬಾಯಿ ಅರ್ಧ ತೆರೆದಿತ್ತು. ಎಡಗಾಲು ಚಾಚಿಕೊಂಡು ಮ್ಯಾಟಿನ ಮೇಲೆ ಸುಮ್ಮನೆ ಬಿದ್ದಿತ್ತು, ತೊಟ್ಟಿಲ ಕೂಸಿನ ಹಾಗೆ. ತಿರುಪತಿಯ ದಾರಿಯಲ್ಲಿ ಕಣ್ಣು ಮುಚ್ಚದವನು ಗೊರಕೆ ಹೊಡೆಯುತ್ತಿದ್ದ.

"ಎಬ್ಬಿಸಲೇನು?"

"ಎಬ್ಬಿಸಿದ್ರ ನೋಡು ಮತ್ತ! ನೀ ಹೊಡಿ."

ಸುರಪುರದ ಬಂಡೆಗುಡ್ಡಗಳು ಬಂದವು, ಹೋದವು. ಪೇಟೆಯ ಗದ್ದಲ, ಹಾರ್ನು, ಯಾವುದಕ್ಕೂ ಅವನಿಗೆ ಎಚ್ಚರವಿಲ್ಲ. ನಮ್ಮೂರ ಅಗಸಿ ಬಂತು. ಅದರ ಮುಂದೆ ಆ ಹಂಪು. ಮೊಮ್ಮಗಳು ಕಾರನ್ನು ನಿಲ್ಲುವಷ್ಟು ನಿಧಾನ ಮಾಡಿದಳು. ಓರೆಯಾಗಿ ಒಂದೊಂದೇ ಗಾಲಿ ಹತ್ತಿಸಿ ಇಳಿಸಿದಳು. ನಾನು ಉಸಿರು ಹಿಡಿದು ಕಿವಿ ಕೊಟ್ಟೆ. ಹೊಟ್ಟೆ ತಾಗಿದ ಸದ್ದು ಬರಲಿಲ್ಲ. ಗೊರಕೆಯೂ ನಿಲ್ಲಲಿಲ್ಲ.

ಮನೆಯ ಮುಂದೆ ಸೊಸೆ ಆರತಿ ಹಿಡಿದು ನಿಂತಿದ್ದಳು. ಗಂಡನನ್ನು ನೋಡಿ ಗಾಬರಿಯಾದಳು. "ಅತ್ತೀ, ಇವರಿಗೇನಾತ್ರೀ?"

"ಏನಾಗ್ತದವ್ವಾ? ಮಗಳು ಗಾಡಿ ಹೊಡದಾಳ, ಅಪ್ಪ ಮಲಗ್ಯಾನ."

ಓಣಿಯವರೆಲ್ಲ ನಕ್ಕ ಸದ್ದಿಗೆ ಅವನು ಕಣ್ಣು ಬಿಟ್ಟ. ಅತ್ತಿತ್ತ ನೋಡಿ, "ಶಹಾಪುರ ಬಂತೇನು?" ಅಂದ.

"ಅಪ್ಪಾ, ಮನಿ ಬಂತು."

ತಿರುಗಿ ಅಗಸಿಯ ಕಡೆ ನೋಡಿದ. "ಹಂಪು?"

"ದಾಟಿ ಬಂದೆವಲ್ಲ."

ಅವನು ಕಾರಿನಿಂದ ಇಳಿದ. ಮೈ ಮುರಿದ. ಮಗಳು ಸ್ಟೇರಿಂಗು ಬಿಡದೆ ಅವನ ಬಾಯಿಯನ್ನೇ ನೋಡುತ್ತಿದ್ದಳು. ಶರ್ತಿನ ಮಾತು ಅವನು ಎತ್ತಲೇ ಇಲ್ಲ. ನೆಟ್ಟಗೆ ಬೇವಿನ ಗಿಡದ ಕಡೆ ಹೋದ. ಅಲ್ಲಿ ನೆರಳಿನಲ್ಲಿ ಅವನ ಜೀಪು ನಿಂತಿತ್ತು. ಅದು ಅವನು ಯಾರಿಗೂ ಸೈಕಲ್ಲು ನಿಲ್ಲಿಸಲೂ ಬಿಡದ ಜಾಗ. ಜೀಪು ಹತ್ತಿ, ಕ್ಲಚ್ಚು ಒತ್ತಿ, ಗೇರು ಹಾಕಿ, ಹಿಂದಕ್ಕೆ ತೆಗೆದು ಬಿಸಿಲು ಬೀಳುವ ಕಡೆಗೆ ನಿಲ್ಲಿಸಿದ. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಮಗಳಿಗೆ ಕೂಗಿದ:

"ಇಲ್ಲಿ ಹಚ್ಚು. ಮುಂಜಾನಿ ನಿನಗ ಜಲ್ದಿ ಹೋಗೂದದ."